ಒಂದೇ ಹೈಬ್ರಿಡ್ ವ್ಯವಸ್ಥೆ, ಮೂರು ವಾಹನ: ಯಾವುದನ್ನು ಸ್ಥಿರವಾಗಿಡಬೇಕು, ಯಾವುದನ್ನು ಬದಲಿಸಬೇಕು?

ಅಚ್ಚುಗಾಲಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಒಂದೇ ಹೈಬ್ರಿಡ್ ಪವರ್‌ಟ್ರೇನನ್ನು ಮೂರು ವಾಹನಗಳಿಗೆ ಹೊಂದಿಸುವ ವಿನ್ಯಾಸ ನಡೀತಿದೆ. ಮೊದಲನೆಯದು 3500 ಕೆಜಿ ಒಟ್ಟು ತೂಕದ ಸರಕು ವ್ಯಾನ್. ಎರಡನೆಯದು ಅದೇ ಚಾಸಿಯ ಉದ್ದ ವೀಲ್‌ಬೇಸ್ ಮಿನಿಬಸ್, 4500 ಕೆಜಿ. ಮೂರನೆಯದು 2000 ಕೆಜಿ ಪಿಕಪ್. ಮುಂದೊಂದು ದಿನ ಪೆಟ್ರೋಲ್ ಎಂಜಿನ್ ತೆಗೆದು ಸಿಎನ್‌ಜಿ ಎಂಜಿನ್ನೋ ಹೈಡ್ರೋಜನ್ನಿನಿಂದ ವಿದ್ಯುತ್ ಮಾಡುವ ಫ್ಯೂಯೆಲ್ ಸೆಲ್ಲೋ ಕೂರಿಸುವುದಕ್ಕೂ ಅವಕಾಶ ಇರಬೇಕು.

ಕೈಯಲ್ಲಿರುವ ಅಂಕಿಗಳು: ಗಾಳಿ ತಡೆಯ ಗುಣಾಂಕ 0.38, ಮುಂಭಾಗದ ವಿಸ್ತೀರ್ಣ 3.8 ಚದರ ಮೀಟರ್, ಉರುಳು ತಡೆ 0.010, ಚಕ್ರದ ತ್ರಿಜ್ಯ 0.33 ಮೀಟರ್. ಎಂಜಿನ್ 1.5 ಲೀಟರ್, ನಾಲ್ಕು ಸಿಲಿಂಡರ್, ಗರಿಷ್ಠ 140 ನ್ಯೂಟನ್ ಮೀಟರ್ ಟಾರ್ಕ್. ಬ್ಯಾಟರಿಗೆ 50 ಆಂಪಿಯರ್-ಅವರ್‌ನ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್.

ಕೇಳಬೇಕಾದ್ದು ಮೂರು. ಸೀರೀಸ್ (ಎಂಜಿನ್ ವಿದ್ಯುತ್ತನ್ನಷ್ಟೇ ಮಾಡುತ್ತದೆ, ಚಕ್ರ ತಿರುಗಿಸುವುದು ಮೋಟರ್), ಪ್ಯಾರಲಲ್ (ಎಂಜಿನ್, ಮೋಟರ್ ಎರಡೂ ಚಕ್ರ ತಿರುಗಿಸುತ್ತವೆ), ಪವರ್-ಸ್ಪ್ಲಿಟ್ (ಗೇರುಗಳು ಎಂಜಿನ್ ಶಕ್ತಿಯನ್ನು ಚಕ್ರಕ್ಕೂ ಜನರೇಟರಿಗೂ ಹಂಚುತ್ತವೆ) ಇವುಗಳಲ್ಲಿ ಮೂರೂ ವಾಹನಕ್ಕೆ ಒಗ್ಗುವುದು ಯಾವುದು? ಬ್ಯಾಟರಿಯನ್ನು ಹೇಗೆ ತುಂಡು ಮಾಡಿದರೆ ಒಂದು ವಾಹನಕ್ಕೆ ಒಂದು, ಇನ್ನೊಂದಕ್ಕೆ ಎರಡು ಪ್ಯಾಕ್ ಹಾಕಲು ಸುಲಭ? ಮೂರನೆಯದು ಬೆಂಚ್ ಮೇಲಿನ ತೊಂದರೆ: ಎರಡು ಇನ್ವರ್ಟರ್ (ಬ್ಯಾಟರಿಯ ಡಿಸಿಯನ್ನು ಮೋಟರಿಗೆ ಬೇಕಾದ ಎಸಿ ಮಾಡುವ ಸಾಧನ) ಮಾತ್ರ ಇದ್ದಾಗ ಪ್ರೀಚಾರ್ಜ್ (ಬ್ಯಾಟರಿಯನ್ನು ನೇರವಾಗಿ ಜೋಡಿಸುವ ಮೊದಲು ರೆಸಿಸ್ಟರ್ ಮೂಲಕ ಕೆಪಾಸಿಟರುಗಳನ್ನು ತುಂಬಿಸುವುದು) ಅರ್ಧ ಸೆಕೆಂಡಿನಲ್ಲಿ ಮುಗಿಯುತ್ತದೆ. 12 ವೋಲ್ಟ್‌ನ ಡಿಸಿ-ಡಿಸಿ ಕನ್ವರ್ಟರ್ ಸೇರಿಸಿದ ಮೇಲೆ ಬಸ್ (ಎಲ್ಲ ಉಪಕರಣಗಳೂ ಸೇರುವ ಹೈವೋಲ್ಟೇಜ್ ಡಿಸಿ ಲೈನ್) ವೋಲ್ಟೇಜ್ 200ರ ಹತ್ತಿರ ಹೋಗಿ ಏರುತ್ತಾ ಇಳಿಯುತ್ತಾ ಅಲ್ಲೇ ನಿಲ್ಲುತ್ತದೆ, ಕೊನೆಗೆ ಟೈಮ್‌ಔಟ್. ಪ್ಯಾಕ್ 345 ವೋಲ್ಟ್, ಪ್ರೀಚಾರ್ಜ್ ರೆಸಿಸ್ಟರ್ 100 ಓಂ.

---

ಗೇರುಹಲ್ಲು

ಮೊದಲು ಲೆಕ್ಕ, ಆಮೇಲೆ ಜೋಡಣೆ.

ವ್ಯಾನ್ 90 ಕಿ.ಮೀ. ವೇಗದಲ್ಲಿ ಸಮತಟ್ಟಾದ ರಸ್ತೆಯಲ್ಲಿ: ಉರುಳು ತಡೆ 343 ನ್ಯೂಟನ್, ಗಾಳಿ ತಡೆ 541, ಒಟ್ಟು 885ರ ಆಸುಪಾಸು. ಅಂದರೆ ಚಕ್ರದ ಬಳಿ 22 ಕಿಲೋವ್ಯಾಟ್. ಅದೇ ವ್ಯಾನ್ 6% ಏರಿನಲ್ಲಿ 60 ಕಿ.ಮೀ. ವೇಗಕ್ಕೆ 44 ಕಿಲೋವ್ಯಾಟ್ ಕೇಳುತ್ತದೆ. ಮಿನಿಬಸ್‌ಗೆ ಅದೇ ಏರಿನಲ್ಲಿ 55.5. ಖಾಲಿ ವ್ಯಾನ್‌ಗೂ ತುಂಬಿದ ವ್ಯಾನ್‌ಗೂ ಹೆದ್ದಾರಿಯಲ್ಲಿ ಇರುವ ಅಂತರ ನಾಲ್ಕು ಕಿಲೋವ್ಯಾಟಿಗಿಂತ ಕಡಿಮೆ. ಏರು ಬಂದಾಗಲೇ ತೂಕ ತನ್ನ ಪಾಲು ಕೇಳುವುದು. ಹಾಗಾಗಿ ಮೂರು ವಾಹನಗಳ ನಡುವಿನ ವ್ಯತ್ಯಾಸ ಏರಿನಲ್ಲೂ ನಿಂತಲ್ಲಿಂದ ಹೊರಡುವಾಗಲೂ ಕಾಣುತ್ತದೆ, ಕ್ರೂಸಿಂಗ್‌ನಲ್ಲಿ ಅಲ್ಲ. ಹೊಂದಿಕೆಯ ಅವಕಾಶ ಬೇಕಾದ್ದೂ ಅಲ್ಲೇ.

ಪವರ್-ಸ್ಪ್ಲಿಟ್ ಬಗ್ಗೆ: 1997ರ ಡಿಸೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದ ಟೊಯೋಟಾ ಪ್ರಿಯಸ್ಸಿನ ಜೋಡಣೆ ಇವತ್ತಿಗೂ ಬಹಳ ಸೊಗಸಾದದ್ದು. ಕ್ಲಚ್ ಇಲ್ಲ, ಗೇರ್ ಬದಲಾವಣೆ ಇಲ್ಲ. ಆದರೆ ಅದರ ನಡುವಿನ ಸನ್ ಗೇರಿಗೆ (ಜನರೇಟರ್ ಕಡೆಯದು) 30 ಹಲ್ಲು, ಹೊರಗಿನ ರಿಂಗ್ ಗೇರಿಗೆ (ಚಕ್ರದ ಕಡೆಯದು) 78. ಹಲ್ಲಿನ ಲೆಕ್ಕ ನಿಗದಿಯಾದ ಕ್ಷಣವೇ ಎಂಜಿನ್ ಟಾರ್ಕಿನ 72% ಚಕ್ರದ ಕಡೆಗೆ, 28% ಜನರೇಟರ್ ಕಡೆಗೆ ಅಂತ ನಿಗದಿಯಾಗಿಬಿಡುತ್ತದೆ. ಎಂಜಿನ್ ಬದಲಾದರೆ ಜನರೇಟರಿನ ಗಾತ್ರ ಬದಲಾಗಬೇಕು, ವಾಹನದ ತೂಕ ಬದಲಾದರೆ ರಿಂಗ್ ಕಡೆಯ ಮೋಟರ್ ಬದಲಾಗಬೇಕು. ಫ್ಯೂಯೆಲ್ ಸೆಲ್ ಬಂದರಂತೂ ಇಡೀ ಗೇರ್‌ಬಾಕ್ಸ್ ಕೆಲಸಕ್ಕೆ ಬಾರದು. ಒಂದೇ ಕಾರನ್ನು ಲಕ್ಷಗಟ್ಟಲೆ ಮಾಡುವವರಿಗೆ ಅದು ಸರಿ, ನಿಮಗೆ ಬೇಡ.

ನನ್ನ ಆಯ್ಕೆ: ಸೀರೀಸ್ ಆಧಾರ, ಅದಕ್ಕೊಂದು ಲಾಕಪ್ ಕ್ಲಚ್. ಎಂಜಿನ್, ಅದರ ಹಿಂದೆ ಕಂಪನ ತಗ್ಗಿಸುವ ಡ್ಯಾಂಪರ್, ಡ್ಯಾಂಪರಿನ ಹಿಂದೆ ಜನರೇಟರ್, ಜನರೇಟರ್ ಶಾಫ್ಟಿನ ತುದಿಗೆ ಕ್ಲಚ್. ಕ್ಲಚ್ ತೆರೆದಿದ್ದರೆ ಸೀರೀಸ್; ಮುಚ್ಚಿದರೆ ಎಂಜಿನ್ ನೇರವಾಗಿ ಫೈನಲ್ ಗೇರನ್ನು ತಿರುಗಿಸುತ್ತದೆ. ಹೋಂಡಾದ ಐ-ಎಂಎಂಡಿ ಕೂಡ ಇದೇ ಜಾತಿಯದು. ಸಿಎನ್‌ಜಿ ಎಂಜಿನ್ ಬಂದರೆ ಡ್ಯಾಂಪರ್ ಪ್ಲೇಟ್ ಬದಲಾಗುತ್ತದೆ. ಫ್ಯೂಯೆಲ್ ಸೆಲ್ ಬಂದರೆ ಈ ಇಡೀ ಸಾಲನ್ನೇ ತೆಗೆದು ಹೈವೋಲ್ಟೇಜ್ ಕನೆಕ್ಟರ್ ಒಂದನ್ನು ಸಿಕ್ಕಿಸುವುದು, ಟ್ರಾಕ್ಷನ್ ಮೋಟರ್ ಹಾಗೇ ಇರುತ್ತದೆ.

ಕ್ಲಚ್ ಯಾಕೆ ಬೇಕು ಅನ್ನುವವರಿಗೆ ದಕ್ಷತೆಯ ಲೆಕ್ಕ: ಜನರೇಟರ್ 0.94, ಅದರ ಇನ್ವರ್ಟರ್ 0.97, ಟ್ರಾಕ್ಷನ್ ಇನ್ವರ್ಟರ್ 0.97, ಮೋಟರ್ 0.93. ಗುಣಿಸಿದರೆ 0.82. ಗೇರಿನ 0.96 ಎರಡೂ ದಾರಿಗೆ ಸಮಾನ. 90 ಕಿ.ಮೀ. ವೇಗದಲ್ಲಿ ಲಾಕ್ ಮಾಡಿದರೆ ಎಂಜಿನ್ 23 ಕಿಲೋವ್ಯಾಟ್ ಕೊಟ್ಟರೆ ಸಾಕು, ಸೀರೀಸ್‌ನಲ್ಲಿ 28 ಕೊಡಬೇಕು. ಕಿಲೋವ್ಯಾಟ್-ಅವರ್‌ಗೆ 240 ಗ್ರಾಂ ಇಂಧನ ಅಂತ ಹಿಡಿದರೂ ಗಂಟೆಗೆ 1.2 ಕೆಜಿ ಪೆಟ್ರೋಲ್ ಬರೀ ಶಾಖವಾಗಿ ಹೋಗುತ್ತದೆ.

ಎಂಜಿನ್ ದಾರಿಯ ಅನುಪಾತ: ಪಿನಿಯನ್ 23 ಹಲ್ಲು, ಫೈನಲ್ ಗೇರ್ 70 ಹಲ್ಲು, ಅಂದರೆ 3.04. 90 ಕಿ.ಮೀ.ಗೆ ಎಂಜಿನ್ 2200 ಆರ್‌ಪಿಎಂ, ಟಾರ್ಕ್ 100 ನ್ಯೂಟನ್ ಮೀಟರ್, ಸಿಲಿಂಡರಿನ ಸರಾಸರಿ ಪರಿಣಾಮಕಾರಿ ಒತ್ತಡ 8.4 ಬಾರ್. ಪೆಟ್ರೋಲ್ ಎಂಜಿನ್ ಅತಿ ಕಡಿಮೆ ಇಂಧನಕ್ಕೆ ಕೆಲಸ ಮಾಡುವ ಜಾಗ ಹೆಚ್ಚುಕಮ್ಮಿ ಅದೇ. ಪೋರ್ಟ್ ಇಂಜೆಕ್ಷನ್ ಸಿಎನ್‌ಜಿಯಲ್ಲಿ ಅನಿಲವೇ ಗಾಳಿಯ ಜಾಗ ತಿನ್ನುವುದರಿಂದ ಟಾರ್ಕ್ ಸುಮಾರು ಹತ್ತನೇ ಒಂದು ಭಾಗ ಇಳಿಯುತ್ತದೆ. ಇಳಿದರೂ ಈ 100ಕ್ಕೆ ಕೊರತೆ ಆಗುವುದಿಲ್ಲ. 60 ಕಿ.ಮೀ.ಗಿಂತ ಕೆಳಗೆ ಲಾಕ್ ಮಾಡಬೇಡಿ, ಅಲ್ಲಿ ಎಂಜಿನ್ 1470ಕ್ಕೆ ಇಳಿದಿರುತ್ತದೆ.

ಈಗ ಮೋಟರ್ ದಾರಿ. ವ್ಯಾನ್ 25% ಏರಿನಲ್ಲಿ ನಿಂತು ಹೊರಡಲು ಚಕ್ರಕ್ಕೆ 2860 ನ್ಯೂಟನ್ ಮೀಟರ್ ಬೇಕು. ಮಿನಿಬಸ್‌ಗೆ 3675. ಒಂದೇ 300 ನ್ಯೂಟನ್ ಮೀಟರಿನ ಮೋಟರಿನಿಂದ ಎರಡನ್ನೂ ನಡೆಸಬೇಕೆಂದರೆ ರಿಡಕ್ಷನ್ ಬದಲಾಗಬೇಕು, ಆದರೆ ಹೌಸಿಂಗ್ ಬದಲಾಗಬಾರದು. ಎರಡು ಹಂತದ ರಿಡಕ್ಷನ್ ಮಾಡಿ. ಎರಡನೇ ಹಂತ ಎಲ್ಲರಿಗೂ 17/70. ಮೊದಲ ಹಂತ ವ್ಯಾನ್‌ಗೆ 31/75, ಮಿನಿಬಸ್‌ಗೆ 25/81. ಎರಡರ ಮೊತ್ತವೂ 106 ಆದ್ದರಿಂದ ಒಂದೇ ಮಾಡ್ಯೂಲಿನ (ಗಾತ್ರದ) ಹಲ್ಲಿಗೆ ಶಾಫ್ಟುಗಳ ನಡುವಿನ ಅಂತರ ಒಂದೇ ಆಗುತ್ತದೆ, ಹೌಸಿಂಗಿನ ಬೇರಿಂಗ್ ರಂಧ್ರ ಮುಟ್ಟುವಂತಿಲ್ಲ. ಒಟ್ಟು ಅನುಪಾತ 9.96 ಮತ್ತು 13.34. ಹೊರಡುವಾಗ ಮೋಟರ್ ಟಾರ್ಕ್ ಕ್ರಮವಾಗಿ 299 ಮತ್ತು 287. ಈ ಹಲ್ಲಿನ ಜೋಡಿಗಳಲ್ಲಿ ಸಾಮಾನ್ಯ ಅಪವರ್ತನ ಇಲ್ಲ ಅನ್ನುವುದನ್ನೂ ಗಮನಿಸಿ. 30/75 ಅಂತ ಹಾಕಿದರೆ ಪಿನಿಯನ್ನಿನ ಪ್ರತಿ ಹಲ್ಲು ಸುತ್ತಿ ಬಂದು ಅದೇ ಐದು ಹಲ್ಲುಗಳನ್ನೇ ಮುಟ್ಟುತ್ತಿರುತ್ತದೆ. ಒಂದು ಹಲ್ಲಿನ ದೋಷ ಆ ಐದರಲ್ಲೇ ಅಚ್ಚೊತ್ತಿ ಶಬ್ದ ಶುರುವಾಗುತ್ತದೆ.

ಪಿಕಪ್‌ಗೆ ವ್ಯಾನಿನ ಗೇರೇ ಸಾಕು.

ನಿರಂತರ ಟಾರ್ಕನ್ನೂ ನೋಡಿ. ವ್ಯಾನ್ 6% ಏರಿನಲ್ಲಿ 60ಕ್ಕೆ ಹೋಗುವಾಗ ಮೋಟರ್ 4800 ಆರ್‌ಪಿಎಂನಲ್ಲಿ 91 ನ್ಯೂಟನ್ ಮೀಟರ್ ಕೊಡುತ್ತಲೇ ಇರಬೇಕು, ಮಿನಿಬಸ್‌ನಲ್ಲಿ 6400ರಲ್ಲಿ ಸುಮಾರು 86. ಅಂದರೆ 60 ಕಿಲೋವ್ಯಾಟ್ ನಿರಂತರ. ಕ್ಯಾಟಲಾಗಿನ 30 ಸೆಕೆಂಡಿನ ಅಂಕಿ ನೋಡಿ ಮೋಟರ್ ಆರಿಸಬಾರದು.

---

ಡಿಸಿಬಸ್

ಪ್ರೀಚಾರ್ಜ್ ತೊಂದರೆಗೆ ಉತ್ತರ ನಿಮ್ಮ ಅಂಕಿಗಳಲ್ಲೇ ಇದೆ. 345 ವೋಲ್ಟ್ ಮೂಲದಿಂದ 100 ಓಂ ಮೂಲಕ ದಾಟಿಸಬಹುದಾದ ಗರಿಷ್ಠ ಶಕ್ತಿ, ವೋಲ್ಟೇಜಿನ ವರ್ಗವನ್ನು ರೆಸಿಸ್ಟೆನ್ಸಿನ ನಾಲ್ಕು ಪಟ್ಟಿನಿಂದ ಭಾಗಿಸಿದಷ್ಟು, ಅಂದರೆ 297 ವ್ಯಾಟ್. ಡಿಸಿ-ಡಿಸಿ ಕನ್ವರ್ಟರ್ 200 ವೋಲ್ಟ್ ಕಂಡ ಕೂಡಲೇ ಎದ್ದು 12 ವೋಲ್ಟ್ ಬ್ಯಾಟರಿ ತುಂಬಿಸಲು 400 ವ್ಯಾಟೋ ಅದಕ್ಕಿಂತ ಹೆಚ್ಚೋ ಎಳೆಯುತ್ತದೆ. ರೆಸಿಸ್ಟರ್ ಅಷ್ಟನ್ನು ಕೊಡಲಾರದು. ಬಸ್ ಕುಸಿಯುತ್ತದೆ, ಕನ್ವರ್ಟರ್ ಅಂಡರ್‌ವೋಲ್ಟೇಜಿಗೆ ಆಫ್ ಆಗುತ್ತದೆ, ಬಸ್ ಮತ್ತೆ ಏರುತ್ತದೆ, ಅದು ಮತ್ತೆ ಎದ್ದೇಳುತ್ತದೆ. ನೀವು ಕಂಡ ಏರಿಳಿತ ಇದೇ. ಟೈಮ್‌ಔಟ್ ಉದ್ದ ಮಾಡಿದರೆ ಪರಿಹಾರ ಆಗುವುದಿಲ್ಲ, ರೆಸಿಸ್ಟರ್ ಸುಡುತ್ತದೆ.

ಪರಿಹಾರ: ಡಿಸಿ-ಡಿಸಿ, ಎಸಿ ಕಂಪ್ರೆಸರ್, ಹೀಟರ್ ಎಲ್ಲಕ್ಕೂ ಎನೇಬಲ್ ತಂತಿ ಇರಲಿ ಅಥವಾ ಕ್ಯಾನ್ (ವಾಹನದ ಕಂಟ್ರೋಲರುಗಳ ಸಂದೇಶ ಜಾಲ) ಸಂದೇಶದಿಂದ ಎಬ್ಬಿಸುವಂತಿರಲಿ, ಮುಖ್ಯ ಕಾಂಟ್ಯಾಕ್ಟರ್ (ಬ್ಯಾಟರಿಯನ್ನು ಬಸ್ಸಿಗೆ ಜೋಡಿಸುವ ದೊಡ್ಡ ರಿಲೇ) ಮುಚ್ಚಿದ ಮೇಲಷ್ಟೇ ಅವು ಏಳಬೇಕು. ಇನ್ವರ್ಟರುಗಳ ಒಟ್ಟು ಕೆಪಾಸಿಟರ್ 1100 ಮೈಕ್ರೋಫ್ಯಾರಡ್ ಅಂತ ಹಿಡಿದರೆ ಟೈಮ್ ಕಾನ್‌ಸ್ಟಂಟ್ 0.11 ಸೆಕೆಂಡ್, ಐದು ಪಟ್ಟು ಕಾದರೆ 0.55. ಪ್ರತಿ ಸಲ ರೆಸಿಸ್ಟರಿನಲ್ಲಿ ಕರಗುವ ಶಕ್ತಿ 66 ಜೂಲ್, ಮೊದಲ ಕ್ಷಣದಲ್ಲಿ 1190 ವ್ಯಾಟ್. ಪಲ್ಸ್ ತಡೆಯುವ ವೈರ್‌ವೌಂಡ್ ರೆಸಿಸ್ಟರೇ ಬೇಕು. ಸತತ ಮೂರು ಸಲ ವಿಫಲವಾದರೆ ಅದು ತಣ್ಣಗಾಗುವ ತನಕ ಮತ್ತೆ ಪ್ರಯತ್ನಿಸದಂತೆ ಸಾಫ್ಟ್‌ವೇರಿನಲ್ಲಿ ಬಂಧಿಸಿ.

ಇನ್ನೊಂದು ಮಾತು. ನಾಳೆ ಮೂರನೇ ಇನ್ವರ್ಟರ್ ಸೇರಿಸಿದರೆ ಕೆಪಾಸಿಟರ್ ಹೆಚ್ಚುತ್ತದೆ, 0.55 ಸಾಲುವುದಿಲ್ಲ. ಆದ್ದರಿಂದ ಸಮಯ ನೋಡಿ ಕಾಂಟ್ಯಾಕ್ಟರ್ ಮುಚ್ಚಬೇಡಿ. ಬಸ್ ವೋಲ್ಟೇಜ್ ಪ್ಯಾಕಿನ 95% ದಾಟಬೇಕು, ಜೊತೆಗೆ ಏರಿಕೆಯ ವೇಗ ಇಳಿದಿರಬೇಕು. ಎರಡೂ ಆದ ಮೇಲೆ ಮುಚ್ಚಿ. ಮೊದಲ 50 ಮಿಲಿಸೆಕೆಂಡಿನ ಏರಿಕೆಯಿಂದ ಕೆಪಾಸಿಟರ್ ಎಷ್ಟಿದೆ ಅಂತಲೂ ಲೆಕ್ಕ ಹಾಕಬಹುದು, ಈ ವಾಹನಕ್ಕೆ ಬರೆದಿಟ್ಟ ಮೌಲ್ಯಕ್ಕೆ ಹೊಂದದಿದ್ದರೆ ದೋಷ ಕೋಡ್ ಹಾಕಿ.

ಬ್ಯಾಟರಿ: 12 ಸೆಲ್ ಸರಣಿಯ ಮಾಡ್ಯೂಲ್ ಮಾಡಿ. 38.4 ವೋಲ್ಟ್, 1.92 ಕಿಲೋವ್ಯಾಟ್-ಅವರ್. ಪೂರ್ತಿ ತುಂಬಿದಾಗಲೂ 43.8 ವೋಲ್ಟ್, ಅಂದರೆ 60 ವೋಲ್ಟಿನ ಅಪಾಯದ ಗಡಿಯ ಕೆಳಗೆ. ಒಂಟಿ ಮಾಡ್ಯೂಲನ್ನು ಬಿಚ್ಚಿ ಜೋಡಿಸುವವರಿಗೆ ಇದು ದೊಡ್ಡ ಅನುಕೂಲ. ಸೆಲ್‌ಗಳ ನಡುವೆ ಸ್ಪ್ಯಾನರ್ ಬಿದ್ದರೆ ಮಾತ್ರ 38 ವೋಲ್ಟಿಗೂ ಸಾವಿರಾರು ಆಂಪಿಯರ್ ಹರಿಯುತ್ತದೆ, ಅದರ ಎಚ್ಚರ ಇರಲಿ. ಅಂಥ ಒಂಬತ್ತು ಮಾಡ್ಯೂಲ್ ಸೇರಿ ಒಂದು ಪ್ಯಾಕ್: 108 ಸೆಲ್, 345.6 ವೋಲ್ಟ್, 17.3 ಕಿಲೋವ್ಯಾಟ್-ಅವರ್, ಗರಿಷ್ಠ 394 ವೋಲ್ಟ್. 60 ಕಿಲೋವ್ಯಾಟಿಗೆ 174 ಆಂಪಿಯರ್, ಅಂದರೆ 3.5ಸಿ (ಆಂಪಿಯರ್-ಅವರ್ ಅಂಕಿಯ ಮೂರೂವರೆ ಪಟ್ಟು ಕರೆಂಟ್). ಆ ದರಕ್ಕೆ ಯೋಗ್ಯವಾದ ಸೆಲ್ ಆರಿಸಿ. ಬರೀ ಶಕ್ತಿ ಸಂಗ್ರಹಕ್ಕೆ ಅಂತ ಮಾಡಿದ ದಪ್ಪ ಎಲೆಕ್ಟ್ರೋಡಿನ ಸೆಲ್ 1ಸಿಗೇ ಬಿಸಿಯಾಗುತ್ತದೆ.

ವೋಲ್ಟೇಜನ್ನು ಮಾತ್ರ ಯಾವ ವಾಹನಕ್ಕೂ ಬದಲಿಸಬೇಡಿ. ಸಾಮರ್ಥ್ಯ ಹೆಚ್ಚಬೇಕಾದರೆ ಪ್ಯಾಕನ್ನು ಸಮಾಂತರವಾಗಿ ಸೇರಿಸಿ. ಪ್ರತಿ ಪ್ಯಾಕಿಗೂ ತನ್ನದೇ ಎರಡು ಕಾಂಟ್ಯಾಕ್ಟರ್, ಪ್ರೀಚಾರ್ಜ್, ಫ್ಯೂಸ್, ಬಿಎಂಎಸ್ (ಬ್ಯಾಟರಿಯ ನಿಗಾ ವ್ಯವಸ್ಥೆ) ಇರಬೇಕು.

ಸಮಾಂತರ ಜೋಡಣೆಯಲ್ಲಿ ಕೈಸುಡುವುದು ಎರಡು ಕಡೆ. ಒಂದು, ಸೇರಿಸುವ ಕ್ಷಣ. ಪ್ಯಾಕಿನ ಒಳ ರೆಸಿಸ್ಟೆನ್ಸ್ 130 ಮಿಲಿಓಂ ಆದರೆ ಎರಡರ ಸುತ್ತಿಗೆ 260. ವೋಲ್ಟೇಜ್ ವ್ಯತ್ಯಾಸ 10 ಇದ್ದರೆ 38 ಆಂಪಿಯರ್, 40 ಇದ್ದರೆ 154 ಆಂಪಿಯರ್ ಒಂದರಿಂದ ಇನ್ನೊಂದಕ್ಕೆ ಹರಿಯುತ್ತದೆ. ಕಾಂಟ್ಯಾಕ್ಟರ್ ಮುಚ್ಚುವಾಗ ಒಳಗಿನ ತುದಿ ಒಂದೆರಡು ಸಲ ಪುಟಿಯುತ್ತದೆ, ಆ ಪುಟಿತದ ಕಿಡಿಗೇ ತುದಿಗಳು ಬೆಸೆದುಕೊಳ್ಳುವುದು. ವ್ಯತ್ಯಾಸ 3 ವೋಲ್ಟಿನ ಒಳಗಿದ್ದರೆ ಮಾತ್ರ ಎರಡನೆಯದನ್ನು ಸೇರಿಸಿ, ಇಲ್ಲವಾದರೆ ಒಂದೇ ಪ್ಯಾಕಿನಲ್ಲಿ ಓಡಿಸಿ, ಮಟ್ಟ ಹತ್ತಿರ ಬಂದಾಗ ಸೇರಿಸಿ.

ಎರಡು, ಹಂಚಿಕೆ. ಹಳೆ ಪ್ಯಾಕಿನ ರೆಸಿಸ್ಟೆನ್ಸ್ 180, ಹೊಸದರದ್ದು 130 ಅಂದುಕೊಳ್ಳಿ. ಒಟ್ಟು ಕರೆಂಟಿನ 58% ಹೊಸದರ ಮೇಲೆ ಬೀಳುತ್ತದೆ. ಪ್ರತಿಯೊಂದರ ಮಿತಿ 175 ಆಂಪಿಯರ್ ಆದರೂ ಎರಡೂ ಸೇರಿ 350 ಕೊಡುವುದಿಲ್ಲ, 301ಕ್ಕೇ ಹೊಸ ಪ್ಯಾಕ್ ತನ್ನ ಮಿತಿ ಮುಟ್ಟುತ್ತದೆ. ಎರಡು ಬಿಎಂಎಸ್‌ಗಳ ಮಿತಿಯನ್ನು ಸುಮ್ಮನೆ ಕೂಡಿಸುವ ಸಾಫ್ಟ್‌ವೇರ್ ಏರಿನ ಮಧ್ಯದಲ್ಲಿ ಒಂದು ಪ್ಯಾಕನ್ನು ಟ್ರಿಪ್ ಮಾಡಿಸುತ್ತದೆ, ಮರುಕ್ಷಣ ಇಡೀ ಭಾರ ಬಿದ್ದು ಇನ್ನೊಂದೂ ಟ್ರಿಪ್ ಆಗುತ್ತದೆ.

ಎಲ್‌ಎಫ್‌ಪಿಯ ವೋಲ್ಟೇಜ್ ರೇಖೆ ನಡುವೆ ಚಪ್ಪಟೆ, ಅದನ್ನು ನೋಡಿ ಚಾರ್ಜ್ ಮಟ್ಟ ಹೇಳಲಾಗದು. ಕರೆಂಟ್ ಎಣಿಸುವ ಸೆನ್ಸರಿನ ಸಣ್ಣ ಆಫ್‌ಸೆಟ್ ದಿನದಿನಕ್ಕೆ ಕೂಡುತ್ತಾ ಹೋಗುತ್ತದೆ. ಪ್ಲಗ್ ಇಲ್ಲದ ಹೈಬ್ರಿಡ್ ಪೂರ್ತಿ ತುಂಬುವ ಪ್ರಸಂಗವೇ ಬರುವುದಿಲ್ಲವಾದ್ದರಿಂದ, ಆಗಾಗ ಹೆದ್ದಾರಿಯಲ್ಲಿ ಲಾಕಪ್ ಇದ್ದಾಗ ಜನರೇಟರಿನಿಂದ ನಿಧಾನವಾಗಿ ರೇಖೆ ಮೇಲೇಳುವ ತನಕ ತುಂಬಿಸಿ ಎಣಿಕೆಯನ್ನು ಸರಿಪಡಿಸುವ ನಿಯಮ ಬರೆಯಿರಿ. ಆ ಹೊತ್ತಿನಲ್ಲಿ ರೀಜೆನ್‌ಗೆ (ಬ್ರೇಕ್ ಹಾಕುವಾಗ ಮೋಟರ್ ಹಿಂದಿರುಗಿಸುವ ವಿದ್ಯುತ್ತಿಗೆ) ಜಾಗ ಇರುವುದಿಲ್ಲ, ಬ್ರೇಕಿನ ನಿಯಂತ್ರಣಕ್ಕೆ ಅದು ಮೊದಲೇ ತಿಳಿದಿರಬೇಕು.

ಈಗ ಹೆಚ್ಚಿನವರು ನೋಡದೇ ಬಿಡುವ ಮೂರು ಲೆಕ್ಕ, ಚುಟುಕಾಗಿ.

ಇನ್ಸುಲೇಷನ್: ವಿಶ್ವಸಂಸ್ಥೆಯ 100ನೇ ರೆಗ್ಯುಲೇಷನ್ ಪ್ರಕಾರ ಎಸಿ, ಡಿಸಿ ಒಟ್ಟಿಗೆ ಸಂಪರ್ಕದಲ್ಲಿರುವ ಬಸ್ಸಿಗೆ ವೋಲ್ಟಿಗೆ 500 ಓಂ. 394 ವೋಲ್ಟಿಗೆ 197 ಕಿಲೋಓಂ. ಒಂದೊಂದು ಉಪಕರಣವೂ 1 ಮೆಗಾಓಂ ಕೊಟ್ಟು ಪಾಸಾದರೂ ಆರು ಸೇರಿದಾಗ 167 ಕಿಲೋಓಂ, ವಾಹನ ಫೇಲ್. ಬಿಡಿಬಿಡಿಯಾಗಿ ಕನಿಷ್ಠ 5 ಮೆಗಾಓಂ ಕೇಳಿ.

ವೈ-ಕೆಪಾಸಿಟರ್: ಪ್ರತಿ ಉಪಕರಣವೂ ಚಾಸಿಗೆ ತನ್ನದೇ ವೈ-ಕೆಪಾಸಿಟರ್ (ವಿದ್ಯುತ್ ಗದ್ದಲ ತಗ್ಗಿಸಲು ಲೈನಿಗೂ ಚಾಸಿಗೂ ನಡುವೆ ಹಾಕುವ ಕೆಪಾಸಿಟರ್) ತಂದು ಸೇರಿಸುತ್ತದೆ. ಅಪಘಾತದ ನಂತರ ಉಳಿಯಬಹುದಾದ ಶಕ್ತಿಗೆ ವಿಶ್ವಸಂಸ್ಥೆಯ ಅಪಘಾತ ಪರೀಕ್ಷೆಯ ರೆಗ್ಯುಲೇಷನ್‌ಗಳು (94, 95) ಇಟ್ಟಿರುವ 0.2 ಜೂಲ್ ಮಿತಿಯನ್ನು 394 ವೋಲ್ಟಿಗೆ ಲೆಕ್ಕ ಹಾಕಿದರೆ ಒಂದು ಬದಿಗೆ ಸುಮಾರು 2.5 ಮೈಕ್ರೋಫ್ಯಾರಡ್. ಉಪಕರಣದ ಪಟ್ಟಿಯಲ್ಲಿ ಇದಕ್ಕೊಂದು ಕಾಲಂ ಇಟ್ಟು ಕೂಡಿಸುತ್ತಾ ಹೋಗಿ.

ಕೇಬಲ್ ಉದ್ದ: ಇದು ನಿಮ್ಮ ಉದ್ದ ವೀಲ್‌ಬೇಸಿಗೆ ನೇರವಾಗಿ ಸಂಬಂಧಪಟ್ಟದ್ದು. ತಲಾ 500 ಮೈಕ್ರೋಫ್ಯಾರಡಿನ ಎರಡು ಇನ್ವರ್ಟರುಗಳ ನಡುವೆ 2 ಮೀಟರ್ ಕೇಬಲ್ ಇದ್ದು, ಮೀಟರಿಗೆ 0.5 ಮೈಕ್ರೋಹೆನ್ರಿ ಅಂತ ಹಿಡಿದರೆ ಅನುರಣನ 10 ಕಿಲೋಹರ್ಟ್ಸ್. 4 ಮೀಟರಿಗೆ 7.1, 8 ಮೀಟರಿಗೆ 5. ಸ್ವಿಚಿಂಗ್ 10 ಕಿಲೋಹರ್ಟ್ಸಿನಲ್ಲಿ ಇದ್ದರೆ 2 ಮೀಟರಿನ ವಾಹನದಲ್ಲಿ ಕೆಪಾಸಿಟರುಗಳು ತಮ್ಮತಮ್ಮಲ್ಲೇ ರಿಪಲ್ ಕರೆಂಟನ್ನು ಎಸೆದಾಡಿಕೊಂಡು ಬಿಸಿಯಾಗುತ್ತವೆ, 4 ಮೀಟರಿನದ್ದರಲ್ಲಿ ಏನೂ ಆಗುವುದಿಲ್ಲ. ಪ್ಲಸ್, ಮೈನಸ್ ಕೇಬಲನ್ನು ಒಂದಕ್ಕೊಂದು ಅಂಟಿಸಿ ಎಳೆಯಿರಿ, ಪ್ರತಿ ವೀಲ್‌ಬೇಸಿನಲ್ಲೂ ಕರೆಂಟ್ ಪ್ರೋಬ್ ಹಾಕಿ ಅಳೆಯಿರಿ, ಬೇಕಾದರೆ ಒಂದು ಇನ್ವರ್ಟರಿನ ಸ್ವಿಚಿಂಗ್ ದರವನ್ನು ಸರಿಸಿ.

---

ಅಚ್ಚುಗಾಲಿ

ಇಬ್ಬರಿಗೂ ತುಂಬಾ ಧನ್ಯವಾದ. ಡಿಸಿ-ಡಿಸಿಯ ಎನೇಬಲ್ ತಂತಿ ಈಗ ನೇರವಾಗಿ ಇಗ್ನಿಷನ್ ಲೈನಿಗೆ ಹೋಗಿದೆ, ಅದನ್ನು ಕಾಂಟ್ಯಾಕ್ಟರ್ ಸ್ಥಿತಿಗೆ ಕಟ್ಟುತ್ತೇವೆ. ಪ್ರೀಚಾರ್ಜ್ ಲಾಜಿಕನ್ನೂ ಏರಿಕೆಯ ವೇಗದ ಮೇಲೆ ಬರೆಯುತ್ತೇವೆ.

ಇನ್ನೆರಡು ಪ್ರಶ್ನೆ. ಲಾಕಪ್‌ಗೆ ಡಾಗ್ ಕ್ಲಚ್ (ಹಲ್ಲಿಗೆ ಹಲ್ಲು ಸಿಕ್ಕಿಸುವಂಥದ್ದು) ಸಾಕೇ, ಅಥವಾ ಮಲ್ಟಿಪ್ಲೇಟ್ (ಹಲವು ಪ್ಲೇಟುಗಳನ್ನು ಒತ್ತಿ ಹಿಡಿಯುವಂಥದ್ದು) ಬೇಕೇ? ಎಂಜಿನ್ ಹೋಗಿ ಫ್ಯೂಯೆಲ್ ಸೆಲ್ ಬಂದರೆ ಕಂಟ್ರೋಲ್ ಸಾಫ್ಟ್‌ವೇರನ್ನು ಪೂರ್ತಿ ಬರೆಯದೇ ಇರಲು ಹೇಗೆ ವಿಭಾಗಿಸಬೇಕು?

---

ಟಾರ್ಕ್‌ನಕ್ಷೆ

ಡಾಗ್ ಕ್ಲಚ್ ಬೇಡ. ಅದು ಹಗುರ, ಅಗ್ಗ, ನಷ್ಟ ಇಲ್ಲ, ಎಲ್ಲ ನಿಜ. ಆದರೆ ಬಿಡಿಸಬೇಕಾದರೆ ಹಲ್ಲುಗಳ ಮೇಲಿನ ಟಾರ್ಕ್ ಸೊನ್ನೆಗೆ ಬರಬೇಕು. ಜಾರುವ ರಸ್ತೆಯಲ್ಲಿ ಚಾಲಕ ಗಟ್ಟಿಯಾಗಿ ಬ್ರೇಕ್ ತುಳಿದಾಗ ಚಕ್ರ ಕ್ಷಣದಲ್ಲಿ ಲಾಕ್ ಆಗಲು ಹೊರಡುತ್ತದೆ, ಎಂಜಿನ್ನಿನ ಜಡತ್ವ ಹಲ್ಲುಗಳನ್ನು ಒತ್ತಿ ಹಿಡಿಯುತ್ತದೆ, ಕ್ಲಚ್ ಬಿಡುವುದೇ ಇಲ್ಲ. ಎಬಿಎಸ್ ಕೆಲಸಕ್ಕೆ ಅಡ್ಡಿ, ಎಂಜಿನ್ ಬಂದ್. ಎಣ್ಣೆಯಲ್ಲಿ ಮುಳುಗಿದ ಮಲ್ಟಿಪ್ಲೇಟ್ ಹಾಕಿ. ಒತ್ತಡ ಹೋದರೆ, ಕರೆಂಟ್ ಹೋದರೆ ಅದು ತಾನಾಗಿ ತೆರೆದುಕೊಳ್ಳುವಂಥದ್ದಾಗಿರಲಿ. ಎಬಿಎಸ್ ಶುರುವಾದ ಸಂದೇಶ ಬಂದ ಕೂಡಲೇ ತೆರೆಯಬೇಕು.

ಮುಚ್ಚುವ ಕ್ರಮ ಹೀಗಿರಲಿ. ಜನರೇಟರಿನಿಂದ ಎಂಜಿನ್ ವೇಗವನ್ನು ಔಟ್‌ಪುಟ್ ವೇಗದ 30 ಆರ್‌ಪಿಎಂ ಒಳಗೆ ತನ್ನಿ, ಸ್ವಲ್ಪ ಮೇಲಿನಿಂದ ಇಳಿಸಿ ತಂದರೆ ಒಳ್ಳೆಯದು. ಪ್ಲೇಟುಗಳು ಮುಟ್ಟುವಷ್ಟು ಒತ್ತಡ ಕೊಡಿ. ವೇಗ ಒಂದಾಗಿ 50 ಮಿಲಿಸೆಕೆಂಡ್ ನಿಂತ ಮೇಲೆ ಪೂರ್ಣ ಒತ್ತಡ. ಆಮೇಲೆ 300 ಮಿಲಿಸೆಕೆಂಡಿನಲ್ಲಿ ಜನರೇಟರಿನ ಹೊರೆ ಇಳಿಸುತ್ತಾ, ಟ್ರಾಕ್ಷನ್ ಮೋಟರಿನ ಟಾರ್ಕನ್ನು ಅಷ್ಟೇ ಪ್ರಮಾಣದಲ್ಲಿ ಇಳಿಸಿ. ಇಲ್ಲಿ ಲೆಕ್ಕ ಎಂಜಿನ್ ಟಾರ್ಕಿನದ್ದಲ್ಲ, ಚಕ್ರದ ಟಾರ್ಕಿನದ್ದು: ಎಂಜಿನ್ 3.04ರ ಮೂಲಕ, ಮೋಟರ್ 9.96 ಅಥವಾ 13.34ರ ಮೂಲಕ. ಈ ಅನುಪಾತಗಳನ್ನು ಕೋಡಿನೊಳಗೆ ಹುದುಗಿಸಬೇಡಿ, ವಾಹನದ ಕ್ಯಾಲಿಬ್ರೇಷನ್ ಕಡತದಲ್ಲಿ ಇಡಿ. ವ್ಯಾನಿನ ಅನುಪಾತ ಇಟ್ಟುಕೊಂಡು ಮಿನಿಬಸ್ ಓಡಿದರೆ ಪ್ರತಿ ಲಾಕಪ್ಪಿಗೂ ಪ್ರಯಾಣಿಕರ ತಲೆ ಮುಂದಕ್ಕೆ ವಾಲುತ್ತದೆ.

ಡ್ಯಾಂಪರ್ ಬಗ್ಗೆ ಗೇರುಹಲ್ಲು ಅವರು ಒಂದೇ ಪದದಲ್ಲಿ ಹೇಳಿ ಮುಗಿಸಿದ್ದಾರೆ, ಅದಕ್ಕೆ ಇನ್ನಷ್ಟು ಗಮನ ಬೇಕು. ನಾಲ್ಕು ಸಿಲಿಂಡರಿನ ಎಂಜಿನ್ ಸುತ್ತಿಗೆ ಎರಡು ಸಲ ತಳ್ಳುತ್ತದೆ: 1470 ಆರ್‌ಪಿಎಂಗೆ 49 ಹರ್ಟ್ಸ್. ಮೂರು ಸಿಲಿಂಡರ್ ಹಾಕಿದರೆ 37. ಎಂಜಿನ್ನಿನ ಜಡತ್ವ, ಜನರೇಟರ್ ರೋಟರಿನ ಜಡತ್ವ, ನಡುವಿನ ಸ್ಪ್ರಿಂಗು, ಇವುಗಳ ಸಹಜ ಆವರ್ತನ ಐಡಲ್‌ನ ತಳ್ಳಾಟಕ್ಕಿಂತ ಸಾಕಷ್ಟು ಕೆಳಗಿರಬೇಕು. ಹಾಗಿದ್ದರೆ ಸ್ಟಾರ್ಟ್ ಮಾಡುವಾಗ ಪ್ರತಿ ಸಲ ಆ ಅನುರಣನವನ್ನು ದಾಟಿಯೇ ಹೋಗಬೇಕು. ಜನರೇಟರಿನಿಂದ 0.4 ಸೆಕೆಂಡಿನಲ್ಲಿ 1000 ಆರ್‌ಪಿಎಂಗೆ ಎಳೆದು, ಆಮೇಲೆ ಇಂಧನ ಬಿಡಿ. ನಿಲ್ಲಿಸುವಾಗಲೂ ಜನರೇಟರಿನಿಂದಲೇ ಬೇಗ ಎಳೆದು ನಿಲ್ಲಿಸಿ. ಡ್ಯಾಂಪರ್ ಹೊಂದದಿದ್ದರೆ ಮೊದಲ ಬಲಿ ಜನರೇಟರ್ ಶಾಫ್ಟಿನ ಸ್ಪ್ಲೈನ್ (ಶಾಫ್ಟನ್ನು ಜೋಡಿಸುವ ಉದ್ದುದ್ದ ಹಲ್ಲುಗಳು). ಬಿಚ್ಚಿ ನೋಡಿದರೆ ಹಲ್ಲುಗಳ ಸಂದಿಯಲ್ಲಿ ಕೆಂಪು ಕಂದು ಬಣ್ಣದ ನುಣುಪಾದ ಪುಡಿ ಕಾಣುತ್ತದೆ. ಅದು ನೀರಿನ ತುಕ್ಕಲ್ಲ, ಸೂಕ್ಷ್ಮ ಉಜ್ಜಾಟದ ಫ್ರೆಟಿಂಗ್. ಗ್ರೀಸ್ ಹಚ್ಚಿದರೆ ಕೆಲಕಾಲ ಸುಮ್ಮನಿರುತ್ತದೆ ಅಷ್ಟೇ, ಮೂಲ ಕಾರಣ ಡ್ಯಾಂಪರೇ.

ಸಾಫ್ಟ್‌ವೇರ್: ಮುಖ್ಯ ಕಂಟ್ರೋಲರಿಗೆ ಎಂಜಿನ್ ಅನ್ನುವ ವಸ್ತುವೇ ಗೊತ್ತಿರಬಾರದು. ಅದಕ್ಕೆ ಗೊತ್ತಿರಬೇಕಾದ್ದು "ವಿದ್ಯುತ್ ಮೂಲ". ಆ ಮೂಲ ಹೇಳುವ ಸಂಗತಿ ಆರು: ಈಗಿನ ಶಕ್ತಿ, ಈ ಕ್ಷಣ ಕೊಡಬಲ್ಲ ಗರಿಷ್ಠ, ಕನಿಷ್ಠ, ಸೆಕೆಂಡಿಗೆ ಎಷ್ಟು ಏರಬಲ್ಲದು, ಶುರುವಾಗಲು ಎಷ್ಟು ಹೊತ್ತು, ಯಾವ ಶಕ್ತಿಗೆ ಎಷ್ಟು ಇಂಧನ. ಎಂಜಿನ್-ಜನರೇಟರ್ ಜೋಡಿಗೆ ಸೆಕೆಂಡಿಗೆ 10 ಕಿಲೋವ್ಯಾಟ್ ಏರಿಕೆ ಅಂತ ಇಟ್ಟರೆ, ಫ್ಯೂಯೆಲ್ ಸೆಲ್ಲಿಗೆ ಅದರ ಗಾಳಿ ಕಂಪ್ರೆಸರ್ ಎಷ್ಟು ಬೇಗ ಏಳುತ್ತದೋ ಅಷ್ಟಕ್ಕೆ ಇಳಿಸಿ. ಫ್ಯೂಯೆಲ್ ಸೆಲ್ ಸ್ಟ್ಯಾಕಿನ ವೋಲ್ಟೇಜ್ ಹೊರೆಯೊಂದಿಗೆ ಕುಸಿಯುವುದರಿಂದ ನಡುವೆ ವೋಲ್ಟೇಜ್ ಏರಿಸುವ ಬೂಸ್ಟ್ ಕನ್ವರ್ಟರ್ ಬೇಕೇ ಬೇಕು. ಅದು ಒಂದೇ ದಿಕ್ಕಿನದ್ದಾಗಿರಲಿ. ಲಾಕಪ್ ಇದೆಯೋ ಇಲ್ಲವೋ ಅನ್ನುವುದು ಕ್ಯಾಲಿಬ್ರೇಷನ್ ಕಡತದ ಒಂದು ಬಿಟ್.

ಸಂದೇಶಗಳು ಕ್ಯಾನ್ ಬಸ್ಸಿನಲ್ಲಿ 10 ಮಿಲಿಸೆಕೆಂಡಿಗೊಮ್ಮೆ, ಪ್ರತಿಯೊಂದಕ್ಕೂ ಉರುಳುವ ಕೌಂಟರ್ ಮತ್ತು ಚೆಕ್‌ಸಮ್. 50 ಮಿಲಿಸೆಕೆಂಡ್ ಸಂದೇಶ ಬರದಿದ್ದರೆ ಇನ್ವರ್ಟರ್ ತಾನಾಗಿ ಟಾರ್ಕನ್ನು ಸೊನ್ನೆಗೆ ಇಳಿಸಬೇಕು.

ಶಕ್ತಿ ಹಂಚಿಕೆಗೆ ಮೊದಲು ಸರಳ ನಿಯಮ ಬರೆದು ಗಟ್ಟಿ ಮಾಡಿ. ಚಾರ್ಜ್ 45%ಗಿಂತ ಕೆಳಗೆ ಹೋದರೆ ಅಥವಾ ಬೇಡಿಕೆ 3 ಸೆಕೆಂಡ್ ಕಾಲ 25 ಕಿಲೋವ್ಯಾಟ್ ದಾಟಿದರೆ ಮೂಲ ಆನ್. 60% ಮೇಲಿದ್ದು ಬೇಡಿಕೆ 12ರ ಕೆಳಗಿದ್ದರೆ ಆಫ್. ಆನ್ ಇದ್ದಾಗ ಬೇಡಿಕೆಯನ್ನು 6 ಸೆಕೆಂಡಿನ ಫಿಲ್ಟರ್ ಮೂಲಕ ಮೂಲಕ್ಕೆ ಕಳಿಸಿ, ಉಳಿದ ಏರಿಳಿತ ಬ್ಯಾಟರಿಯದ್ದು. ಎಂಜಿನ್ನನ್ನು ಒಂದೇ "ಉತ್ತಮ ಬಿಂದು"ವಿನಲ್ಲಿ ಓಡಿಸಿ ಆನ್-ಆಫ್ ಮಾಡುವುದು ಕಾಗದದ ಮೇಲೆ ಚೆನ್ನ. ವಾಸ್ತವದಲ್ಲಿ ಬೇಡಿಕೆಗಿಂತ ಹೆಚ್ಚಾದದ್ದೆಲ್ಲ ಬ್ಯಾಟರಿಗೆ ಹೋಗಿ ವಾಪಸ್ ಬರಬೇಕು, ಗಳಿಸಿದ್ದು ಅಲ್ಲೇ ಸೋರಿಹೋಗುತ್ತದೆ.

ಮಿನಿಬಸ್ಸಿಗೆ ಎಂಜಿನ್ ಸಾಲದು ಅನ್ನುವ ಭಯ ಬೇಡ. ಎಂಜಿನ್ 60 ಕಿಲೋವ್ಯಾಟ್ ಕೊಟ್ಟರೆ ಡಿಸಿ ಬಸ್ಸಿಗೆ 54.7 ಬರುತ್ತದೆ, 6% ಏರಿನಲ್ಲಿ 60 ಕಿ.ಮೀ. ವೇಗಕ್ಕೆ ಅಲ್ಲಿ ಬೇಕಾದ್ದು 64 (ಚಕ್ರದ 55.5ಕ್ಕೆ ಗೇರು, ಮೋಟರ್, ಇನ್ವರ್ಟರಿನ ನಷ್ಟ ಸೇರಿ). ಕೊರತೆ ಸುಮಾರು 9.4. ಹತ್ತು ಕಿ.ಮೀ. ಏರಿಗೆ 1.6 ಕಿಲೋವ್ಯಾಟ್-ಅವರ್, ಒಂದು ಪ್ಯಾಕಿನ 9%. ಎಂಜಿನ್ ಆನ್ ಆಗುವ ಮಟ್ಟವನ್ನು ಮಿನಿಬಸ್ಸಿನಲ್ಲಿ 50%ಗೆ ಏರಿಸಿದರೆ ಮುಗಿಯಿತು. ಎರಡನೇ ಪ್ಯಾಕ್ ಬೇಕಾಗುವುದು ಎಂಜಿನ್ ಇಲ್ಲದೆ ದೂರ ಓಡಿಸಬೇಕಾದರೆ ಮಾತ್ರ.

ಎಂಜಿನ್ನಿನ ಆರೋಗ್ಯಕ್ಕೆ ಎರಡು ಬಂಧನ. ತಣ್ಣಗಿನ ಎಂಜಿನ್ನನ್ನು ಎಬ್ಬಿಸಿ ಕೂಡಲೇ ಪೂರ್ಣ ಹೊರೆ ಹಾಕಬೇಡಿ. ಕ್ಯಾಟಲಿಸ್ಟ್ ಕಾಯುವ ತನಕ, 20-30 ಸೆಕೆಂಡ್, ಹಗುರ ಹೊರೆ, ಆ ಹೊತ್ತಿಗೆ ಬ್ಯಾಟರಿಯೇ ನಡೆಸಲಿ. ಎಬ್ಬಿಸಿದ ಮೇಲೆ ಆಯಿಲ್ 80 ಡಿಗ್ರಿ ಮುಟ್ಟುವ ತನಕ ನಿಲ್ಲಿಸಬೇಡಿ. ಎರಡೆರಡು ನಿಮಿಷ ಓಡಿ ನಿಲ್ಲುವ ಎಂಜಿನ್ನಿನ ಆಯಿಲಿಗೆ ಪೆಟ್ರೋಲ್ ಇಳಿದು ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಏರುತ್ತಾ ಹೋಗುತ್ತದೆ, ಬೇರಿಂಗಿಗೆ ಅದು ಒಳ್ಳೆಯದಲ್ಲ.

---

ಗೇರುಹಲ್ಲು

ಡ್ಯಾಂಪರ್ ವಿವರಕ್ಕೆ ಧನ್ಯವಾದ. ಫ್ಯೂಯೆಲ್ ಸೆಲ್ ಅಂದ ಮೇಲೆ ರೇಡಿಯೇಟರ್ ಜಾಗವನ್ನು ಈಗಲೇ ಮೀಸಲಿಡಿ. ಎಂಜಿನ್ನಿನ ಶಾಖದ ದೊಡ್ಡ ಪಾಲು ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ, ನೀರೂ 90 ಡಿಗ್ರಿ ದಾಟಿರುತ್ತದೆ. ಫ್ಯೂಯೆಲ್ ಸೆಲ್ಲಿನಲ್ಲಿ ಹೆಚ್ಚುಕಮ್ಮಿ ಎಲ್ಲ ಶಾಖವೂ ನೀರಿಗೇ, ಅದೂ 70-80 ಡಿಗ್ರಿಯಲ್ಲಿ. ಹೊರಗಿನ ಗಾಳಿಗೂ ನೀರಿಗೂ ವ್ಯತ್ಯಾಸ ಕಡಿಮೆ, ರೇಡಿಯೇಟರ್ ದೊಡ್ಡದು.

ಮೋಟರ್ ಮತ್ತು ಇನ್ವರ್ಟರಿಗೆ ಬೇರೆ ಲೂಪ್, 65 ಡಿಗ್ರಿ ಮೀರದಂತೆ, ನೀರು ಮೊದಲು ಇನ್ವರ್ಟರಿಗೆ, ಆಮೇಲೆ ಮೋಟರಿಗೆ. 60 ಕಿಲೋವ್ಯಾಟಿಗೆ ಸುಮಾರು 6 ಕಿಲೋವ್ಯಾಟ್ ಶಾಖ. ನಿಮಿಷಕ್ಕೆ 10 ಲೀಟರ್ ಗ್ಲೈಕಾಲ್ ಮಿಶ್ರಣ ಹರಿಸಿದರೆ 10 ಡಿಗ್ರಿ ಏರಿಕೆ. ಬ್ಯಾಟರಿಗೆ ಮೂರನೇ ಲೂಪ್. ಎಲ್‌ಎಫ್‌ಪಿಯನ್ನು 0 ಡಿಗ್ರಿಯ ಕೆಳಗೆ ಚಾರ್ಜ್ ಮಾಡಬಾರದು, ಲಿಥಿಯಂ ಲೋಹವಾಗಿ ಆನೋಡಿನ ಮೇಲೆ ಕೂರುತ್ತದೆ. ಅಂಥ ಚಳಿಯಲ್ಲಿ ರೀಜೆನ್ ಸೊನ್ನೆ. ಹಾಗಾಗಿ ಡಿಸ್ಕು, ಕ್ಯಾಲಿಪರುಗಳನ್ನು ರೀಜೆನ್ ಇದೆ ಅಂತ ಚಿಕ್ಕದು ಮಾಡಬೇಡಿ. ತುಂಬಿದ ವ್ಯಾನ್ 300 ಮೀಟರ್ ಎತ್ತರದಿಂದ ಇಳಿಯುವಾಗ 2.9 ಕಿಲೋವ್ಯಾಟ್-ಅವರ್ ಬಿಡುಗಡೆಯಾಗುತ್ತದೆ, ಬ್ಯಾಟರಿ ತುಂಬಿದ್ದರೆ ಅದಷ್ಟೂ ಬ್ರೇಕಿಗೆ. ಎಂಜಿನ್ ನಿಂತಿರುವಾಗ ಬ್ರೇಕ್ ಬೂಸ್ಟರಿಗೆ ವ್ಯಾಕ್ಯೂಮ್ ಇರುವುದಿಲ್ಲ ಅನ್ನುವುದನ್ನೂ ಮರೆಯಬೇಡಿ, ಎಲೆಕ್ಟ್ರಿಕ್ ಪಂಪ್ ಅಥವಾ ಎಲೆಕ್ಟ್ರೋಮೆಕ್ಯಾನಿಕಲ್ ಬೂಸ್ಟರ್ ಬೇಕು.

---

ಸ್ಟೇಟರ್

ಗೇರುಹಲ್ಲು ಅವರ 31/75, 25/81 ಬಹಳ ಅಚ್ಚುಕಟ್ಟು. ಆದರೆ ಆ ಬದಲಾವಣೆ ಇನ್ವರ್ಟರಿನ ತನಕ ಹೋಗುತ್ತದೆ, ಅದನ್ನು ಯಾರೂ ಹೇಳಿಲ್ಲ.

ಮೋಟರ್ ಶಾಶ್ವತ ಅಯಸ್ಕಾಂತದ್ದಾದರೆ ತಿರುಗಿದಷ್ಟೂ ವೋಲ್ಟೇಜ್ ಹುಟ್ಟಿಸುತ್ತದೆ. 1000 ಆರ್‌ಪಿಎಂಗೆ ಲೈನ್ ನಡುವೆ ಶಿಖರ 60 ವೋಲ್ಟ್ ಅಂದುಕೊಳ್ಳಿ. 100 ಕಿ.ಮೀ. ವೇಗದಲ್ಲಿ ವ್ಯಾನಿನ ಮೋಟರ್ 8000 ಆರ್‌ಪಿಎಂ, 480 ವೋಲ್ಟ್. ಮಿನಿಬಸ್ಸಿನದ್ದು 10,700, ಅಂದರೆ 640 ವೋಲ್ಟಿಗೂ ಮೇಲೆ. ಅದೇ ಮೋಟರ್, ಅದೇ ರಸ್ತೆ ವೇಗ. ಇನ್ವರ್ಟರ್ ಫೀಲ್ಡ್ ವೀಕನಿಂಗ್ (ಅಯಸ್ಕಾಂತದ ಪ್ರಭಾವವನ್ನು ಕರೆಂಟಿನಿಂದ ತಗ್ಗಿಸುವುದು) ಮಾಡುತ್ತಿರುವ ತನಕ ಇದು ಹೊರಗೆ ಕಾಣುವುದಿಲ್ಲ. ಯಾವುದೋ ದೋಷಕ್ಕೆ ಇನ್ವರ್ಟರ್ ಸ್ವಿಚ್ಚುಗಳ ಗೇಟುಗಳು ಆಫ್ ಆದರೆ ಡಯೋಡುಗಳ ಮೂಲಕ ಮೋಟರ್ ತಾನೇ ಬ್ಯಾಟರಿಯನ್ನು ಚಾರ್ಜ್ ಮಾಡಲು ಶುರುಮಾಡುತ್ತದೆ, ಚಾಲಕ ಕೇಳದ ಬ್ರೇಕ್ ಹಿಡಿಯುತ್ತದೆ. ಅದೇ ಹೊತ್ತಿಗೆ ಕಾಂಟ್ಯಾಕ್ಟರ್ ಕೂಡ ತೆರೆದರೆ ಆ 640 ವೋಲ್ಟ್ ಪೂರ್ತಿ ಡಿಸಿ ಕೆಪಾಸಿಟರಿನ ಮೇಲೆ. 650 ವೋಲ್ಟಿನ ಐಜಿಬಿಟಿ (ಇನ್ವರ್ಟರಿನ ಸ್ವಿಚ್) ಹಾಕಿದ್ದರೆ ಉಳಿಯುವುದಿಲ್ಲ, 12,000 ಆರ್‌ಪಿಎಂನಲ್ಲಿ 720 ಆಗುತ್ತದೆ.

ಆದ್ದರಿಂದ ಮೋಟರ್ ಆರಿಸುವಾಗಲೇ ಅತಿ ದೊಡ್ಡ ರಿಡಕ್ಷನ್ನಿನ ಗರಿಷ್ಠ ವೇಗಕ್ಕೆ ಲೆಕ್ಕ ಹಾಕಿ, 1000ಕ್ಕೆ 50 ವೋಲ್ಟ್ ಆಗುವಂತೆ ಸುತ್ತಿಸಿ. ಆಗ 12,000ಕ್ಕೆ 600. ಅದಕ್ಕೆ ತೆರುವ ಬೆಲೆ, ಅದೇ ಟಾರ್ಕಿಗೆ ಐದನೇ ಒಂದು ಭಾಗ ಹೆಚ್ಚು ಕರೆಂಟ್. ಇಲ್ಲವೇ 750 ವೋಲ್ಟಿನ ಐಜಿಬಿಟಿ ಮತ್ತು ಅದಕ್ಕೆ ತಕ್ಕ ಕೆಪಾಸಿಟರ್. 50 ಅಥವಾ 60, ಯಾವುದೇ ಇರಲಿ, ದೋಷ ಬಂದಾಗ ಇನ್ವರ್ಟರ್ ಏನು ಮಾಡಬೇಕು ಅನ್ನುವುದು ವೇಗದ ಮೇಲೆ ನಿರ್ಧಾರವಾಗಬೇಕು. ಹುಟ್ಟುವ ವೋಲ್ಟೇಜ್ ಬಸ್ಸಿಗಿಂತ ಹೆಚ್ಚಿದ್ದರೆ ಕೆಳಗಿನ ಮೂರು ಸ್ವಿಚ್ ಮುಚ್ಚಿ ಮೋಟರನ್ನು ಶಾರ್ಟ್ ಮಾಡಬೇಕು; ವೇಗದಲ್ಲಿ ಆ ಶಾರ್ಟಿನ ಬ್ರೇಕ್ ಟಾರ್ಕ್ ಕಡಿಮೆ. ಕೆಳ ವೇಗದಲ್ಲಿ ಅದೇ ಶಾರ್ಟ್ ಜೋರಾಗಿ ಹಿಡಿಯುತ್ತದೆ, ಅಲ್ಲಿ ಗೇಟುಗಳನ್ನು ಬಿಟ್ಟುಬಿಡಬೇಕು. 345 ವೋಲ್ಟ್ ಬಸ್ಸಿಗೆ, 60 ವೋಲ್ಟಿನ ಮೋಟರಿಗೆ ಆ ಗಡಿ 5750 ಆರ್‌ಪಿಎಂ: ವ್ಯಾನಿನಲ್ಲಿ 72 ಕಿ.ಮೀ., ಮಿನಿಬಸ್ಸಿನಲ್ಲಿ 54. ಶಾರ್ಟ್ ಆದಾಗಲೂ ಗೇಟ್ ಡ್ರೈವರಿಗೆ ಕರೆಂಟ್ ಬೇಕು. 12 ವೋಲ್ಟ್ ಹೋದರೂ ಹೈವೋಲ್ಟೇಜ್ ಬಸ್ಸಿನಿಂದ ಅದು ಬದುಕುವಂಥ ಇನ್ವರ್ಟರ್ ಆರಿಸಿ.

ಕೆಟ್ಟುನಿಂತ ವಾಹನವನ್ನು ಎಳೆಯುವಾಗಲೂ ಇದೇ ಕಥೆ. ಟ್ರಾಕ್ಷನ್ ಮೋಟರಿಗೂ ಫೈನಲ್ ಗೇರಿಗೂ ನಡುವೆ ನಿಮ್ಮ ಜೋಡಣೆಯಲ್ಲಿ ಕ್ಲಚ್ ಇಲ್ಲ. ಮೋಟರಿಗೆ ಸೇರಿದ ಚಕ್ರಗಳನ್ನು ನೆಲದಿಂದ ಎತ್ತಿಯೇ ಸಾಗಿಸಬೇಕು ಅಂತ ಬಾಗಿಲ ಚೌಕಟ್ಟಿನಲ್ಲಿ ಸ್ಟಿಕ್ಕರ್ ಅಂಟಿಸಿ, ಎಳೆಯುವ ಹುಕ್ಕಿನ ಪಕ್ಕದಲ್ಲೂ ಇನ್ನೊಂದು.